ಕಲಾ ಪ್ರಶ್ನೋತ್ತರ: ಕಾಮಿಕ್ಸ್ ನಾಯಕಿಯ ಬೆನ್ನುಮೂಳೆ

ಪ್ರಶ್ನೆ: ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಗಂಡಸರದ್ದೂ ಮೈಗಂಟಿದ ಉಡುಪೇ. ಹೆಣ್ಣು ಪಾತ್ರಗಳ ಬಗ್ಗೆ ಮಾತ್ರ ಸ್ತ್ರೀವಾದಿಗಳ ತಕರಾರು ಏಕೆ?
– ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬಟ್ಟೆ ಎಷ್ಟಿದೆ ಎನ್ನುವುದಕ್ಕಿಂತ ಮೈ ಯಾರಿಗಾಗಿ ಬಾಗಿದೆ ಎಂದು ನೋಡಿ. 2014ರಲ್ಲಿ ಇಟಲಿಯ ಚಿತ್ರಕಾರ ಮಿಲೋ ಮನಾರಾ ಬರೆದ ‘ಸ್ಪೈಡರ್ ವುಮನ್’ನ ವಿಶೇಷ ಮುಖಪುಟ ದೊಡ್ಡ ವಿವಾದವಾಯಿತು. ಕಟ್ಟಡದ ಅಂಚಿಗೆ ತೆವಳಿ ಬಂದ ನಾಯಕಿಯ ಪೃಷ್ಠವೇ ಎತ್ತರಕ್ಕೆದ್ದಿದೆ. ಉಡುಪು ಬಟ್ಟೆಯಂತಿಲ್ಲ, ಮೈಗೆ ಬಳಿದ ಬಣ್ಣದಂತಿದೆ. ಸ್ಪೈಡರ್‌ಮ್ಯಾನ್ ಕೂಡ ಹಾಗೆಯೇ ಕುಕ್ಕರಿಸುತ್ತಾನೆಂದು ಹಲವರು ವಾದಿಸಿದರು. ಆದರೆ ಅವನ ಮಂಡಿ, ಭುಜಗಳಲ್ಲಿ ನೆಗೆತದ ಸಿದ್ಧತೆ ಕಾಣುತ್ತದೆ. ಇವಳ ಭಂಗಿಯಲ್ಲಿ ಮುಂದಿನ ಕ್ರಿಯೆಯ ಸುಳಿವೇ ಇಲ್ಲ.

ಪ್ರಶ್ನೆ: ನಾನು ಬರೆಯುವ ನಾಯಕಿಯರಲ್ಲಿ ಈ ದೋಷ ಇದೆಯೇ ಎಂದು ಪರೀಕ್ಷಿಸುವುದು ಹೇಗೆ?
– ಚಿತ್ರಕಲಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಉಡುಪು ಬರೆಯುವ ಮೊದಲೇ ಪರೀಕ್ಷಿಸಿ. ಪಕ್ಕೆಲುಬಿನ ಗೂಡನ್ನು ಮೊಟ್ಟೆಯಾಗಿ, ಸೊಂಟವನ್ನು ಪೆಟ್ಟಿಗೆಯಾಗಿ ಬರೆದು, ಎರಡಕ್ಕೂ ನಡುಗೆರೆ ಎಳೆಯಿರಿ. ಎದೆ, ಪೃಷ್ಠ ಎರಡೂ ಪೂರ್ತಿ ನೋಡುಗನ ಕಡೆಗಿದ್ದರೆ ಬೆನ್ನು ಮುರಿದಿದೆ ಎಂದೇ ಅರ್ಥ. ಬೆನ್ನುಮೂಳೆಯ ಕೆಳಭಾಗ ಹತ್ತು-ಹದಿನೈದು ಡಿಗ್ರಿಯಷ್ಟೇ ತಿರುಗಬಲ್ಲದು. ಎದೆಯ ಭಾಗವನ್ನು ಸೇರಿಸಿದರೂ ಸುಮಾರು 45-50. ಉಳಿದ ತಿರುವು ಕಾಲು, ಪಾದಗಳಿಂದ ಬರಬೇಕು.

ಆಮೇಲೆ ಭಾರ. ನಿಂತ ಭಂಗಿಯಾದರೆ ಕತ್ತಿನ ಗುಳಿಯಿಂದ ನೇರ ಕೆಳಗೆ ಗೆರೆ ಬಿಡಿ. ಅದು ಊರಿದ ಪಾದದ ಮೇಲೆ ಅಥವಾ ಎರಡು ಪಾದಗಳ ನಡುವೆ ಬೀಳದಿದ್ದರೆ ಆಕೆ ಬೀಳುತ್ತಾಳೆ. ನಡುವನ್ನು ತಲೆಗಿಂತ ಕಿರಿದಾಗಿಸಿದರೆ ಕರುಳಿಗೇ ಜಾಗವಿಲ್ಲ.

ಬಟ್ಟೆ ಎರಡು ಸ್ತನಗಳ ನಡುವೆ ಒಳಕ್ಕೆ ಅಂಟುವುದಿಲ್ಲ, ಅಡ್ಡಕ್ಕೆ ಬಿಗಿದು ನಿಲ್ಲುತ್ತದೆ. ಎದೆಕವಚಕ್ಕೆ ಎರಡು ಬಟ್ಟಲಿನ ಆಕಾರ ಕೊಡುವುದಂತೂ ಅಪಾಯಕಾರಿ: ಕತ್ತಿಯ ಏಟು ಜಾರಿ ನಡುವಿನ ತಗ್ಗಿಗೆ, ಅಂದರೆ ಎದೆಮೂಳೆಗೇ ಬರುತ್ತದೆ. ನಡುವೆ ಒಂದೇ ಏಣು ಇಟ್ಟರೆ ಏಟು ಪಕ್ಕಕ್ಕೆ ಜಾರುತ್ತದೆ. 2014ರ ಬ್ಯಾಟ್‌ಗರ್ಲ್ ಉಡುಪನ್ನು ಗಮನಿಸಿ: ಚರ್ಮದ ಜಾಕೆಟ್, ದಪ್ಪ ಅಡಿಯ ಹಳದಿ ಬೂಟು, ಗುಂಡಿ ಬಿಚ್ಚಿ ತೆಗೆಯಬಹುದಾದ ಕೇಪ್. ಬ್ಯಾಬ್ಸ್ ಟಾರ್ ಮತ್ತು ಕ್ಯಾಮರೂನ್ ಸ್ಟುವರ್ಟ್ ಅವರ ಈ ವಿನ್ಯಾಸ ನನಗೆ ಬಹಳ ಮೆಚ್ಚುಗೆ.

ಕೊನೆಗೆ, ಅದೇ ಭಂಗಿಯಲ್ಲಿ ಗಂಡು ಹೀರೋನನ್ನು ಬರೆಯಿರಿ. 2012ರಲ್ಲಿ ‘ಹಾಕ್ಐ’ ಎಂಬ ಗಂಡು ಹೀರೋನನ್ನು ಹಿಡಿದು, ‘ಹಾಕ್ಐ ಇನಿಶಿಯೇಟಿವ್’ ಹೆಸರಿನಲ್ಲಿ ಅನೇಕ ಕಲಾವಿದರು ಇದನ್ನೇ ಮಾಡಿದರು. ಅವನಿಗೆ ಹಾಸ್ಯಾಸ್ಪದವೆನಿಸಿದ ಭಂಗಿಯನ್ನು ಅವಳಿಂದಲೂ ತೆಗೆಯಿರಿ.

ಪ್ರಶ್ನೆ: ವಂಡರ್ ವುಮನ್ ಸ್ತ್ರೀವಾದಿ ಪಾತ್ರವೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ಹುಟ್ಟಿನಿಂದ ಹೌದು, ಚಿತ್ರಣದಲ್ಲಿ ಪೂರ್ತಿ ಅಲ್ಲ. 1941ರಲ್ಲಿ ಆಕೆಯನ್ನು ಸೃಷ್ಟಿಸಿದ ವಿಲಿಯಂ ಮಾರ್ಸ್ಟನ್ ಮಹಿಳಾ ಮತದಾನ ಚಳವಳಿಯ ಪ್ರಭಾವ ಉಂಡವರು. ವಂಡರ್ ವುಮನ್‌ಳಂತೆ ಸಂಕೋಲೆ ಹರಿಯುವ ಹೆಣ್ಣು ಆ ಚಳವಳಿಯ ವ್ಯಂಗ್ಯಚಿತ್ರಗಳಲ್ಲೇ ಇದ್ದಳು. 1972ರಲ್ಲಿ ಅಮೆರಿಕದ ಸ್ತ್ರೀವಾದಿ ಪತ್ರಿಕೆ ‘ಮಿಸ್’ (Ms.) ಆಕೆಯನ್ನು ಮುಖಪುಟಕ್ಕೇರಿಸಿತು. ಆದರೆ 2016ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ಆಕೆಯನ್ನು ಗೌರವ ರಾಯಭಾರಿ ಮಾಡಿದಾಗ ಸಿಬ್ಬಂದಿಯೇ ಸಮಾರಂಭದಲ್ಲಿ ಬೆನ್ನು ತಿರುಗಿಸಿ ನಿಂತರು. ಅದೇ ತಿಂಗಳು ಮಹಾಕಾರ್ಯದರ್ಶಿ ಹುದ್ದೆಗೆ ಏಳು ಮಹಿಳೆಯರು ಸ್ಪರ್ಧೆಯಲ್ಲಿದ್ದೂ ಪುರುಷನೇ ಆಯ್ಕೆಯಾಗಿದ್ದರು. ನಿಜವಾದ ಹೆಂಗಸರಿಗೆ ಕುರ್ಚಿ ಸಿಗದ ಕಡೆ ಚಿತ್ರದ ಹೆಂಗಸಿಗೆ ಪದವಿ ಕೊಟ್ಟದ್ದು ಅವರನ್ನು ಕೆರಳಿಸಿತು, ಅದು ನ್ಯಾಯವೇ. ಎರಡು ತಿಂಗಳು ತುಂಬುವ ಮೊದಲೇ ಆ ರಾಯಭಾರ ಮುಗಿಯಿತು.