ಗೆಳೆಯ ತನ್ನ ಸಾಲಕ್ಕೆ ಜಾಮೀನು ಕೇಳುತ್ತಿದ್ದಾನೆ. ಅವನು ನಂಬಿಕಸ್ಥನಾ ಅಂತ ತಿಳಿಯೋದು ಹೇಗೆ?

'ಸಹಿ ಹಾಕದಿದ್ದರೆ ನನ್ನ ಮೇಲೆ ನಂಬಿಕೆ ಇಲ್ಲ ಅಂತಾನೇ ಅರ್ಥ' ಅಂತ ನಿಮ್ಮ ಗೆಳೆಯ ಅಂದಿದ್ದಾನಲ್ಲ, ಆ ಮಾತು ನಾನೂ ಕೇಳಿದ್ದೇನೆ. 2017ರಲ್ಲಿ, ಗದಗಿನಲ್ಲಿ, ನನ್ನ ಗೆಳೆಯನ ಮುದ್ರಣದ ಪ್ರೆಸ್ಸಿನೊಳಗೆ. ಮಷೀನಿನ ಸದ್ದಿಗೆ ಜೋರಾಗಿ ಕೂಗಿ ಕೇಳಿದ್ದ: 'ಲೇ, ನನ್ ಮ್ಯಾಲ ವಿಶ್ವಾಸ ಇಲ್ಲೇನು ನಿನಗ?'

ವಿಶ್ವಾಸ ಇತ್ತು. ಈಗಲೂ ಇದೆ. ನಮ್ಮ ಕಡೆ ವಿಶ್ವಾಸ ಅಂದರೆ ನಂಬಿಕೆ ಅಷ್ಟೇ ಅಲ್ಲ, ಪ್ರೀತಿಯೂ ಅದರೊಳಗೇ ಇರುತ್ತದೆ. ಆ ಪ್ರೀತಿಗೇ ನಾನು ಸಹಿ ಹಾಕಿದ್ದು. ಕಾಗದ ಕೊಳ್ಳಲು ಅವನಿಗೆ ಒಂದು ಪತ್ತಿನ ಸೊಸೈಟಿಯಿಂದ ನಾಲ್ಕು ಲಕ್ಷದ ಸಿಸಿ ಸಾಲ, ಅಂದರೆ ಗೊತ್ತುಮಾಡಿದ ಲಿಮಿಟ್ಟಿನೊಳಗೆ ಬೇಕಾದಾಗ ಎತ್ತಿ, ಕಟ್ಟಿ, ಮತ್ತೆ ಎತ್ತುವ ಸಾಲ ಬೇಕಿತ್ತು. ನನ್ನದು ಸಂಬಳದ ನೌಕರಿ, ಅದಕ್ಕೇ ನನ್ನನ್ನು ಕೇಳಿದ. ಗುಮಾಸ್ತರು ಇಂಟು ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿದೆ. ಚಾ ಬಂತು, ಕುಡಿದು ಎದ್ದೆವು. ಒಂದು ಸಾಲೂ ಓದಲಿಲ್ಲ. ಅವನ ಎದುರು ಕೂತು ಓದಿದರೆ ಏನು ಅಂದುಕೊಂಡಾನು ಅಂತ.

ಆದರೆ ನನ್ನ ದೊಡ್ಡ ತಪ್ಪು ಅದಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವು ಅಲ್ಲೇ ಜಾರುವ ಸಾಧ್ಯತೆ ಜಾಸ್ತಿ.

2019ರಲ್ಲಿ ಅವನು ಪೇಢೆ ತಗೊಂಡು ಮನೆಗೆ ಬಂದ. 'ಲಿಮಿಟ್ ಒಂಬತ್ ಲಕ್ಷಕ್ಕ ಏರಿಸ್ಯಾರ!' ನನಗೂ ಖುಷಿಯಾಯಿತು. ನನ್ನ ಸಹಿ ನಾಲ್ಕು ಲಕ್ಷಕ್ಕೆ ತಾನೇ, ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ನಿಜವಾಗಿ ನಾನು ಸಹಿ ಮಾಡಿದ ಪತ್ರದಲ್ಲಿ 'ಈಗಿನ ಹಾಗೂ ಮುಂದೆ ಕೊಡುವ ಎಲ್ಲ ಸಾಲಗಳಿಗೆ' ಅಂತ ಇತ್ತು. 1872ರ ಕರಾರು ಕಾಯ್ದೆಯಲ್ಲಿ ಇಂಥದ್ದನ್ನು ಮುಂದುವರಿಯುವ ಜಾಮೀನು ಅನ್ನುತ್ತಾರೆ, 129ನೇ ಕಲಂ. ಮುಂದಿನ 130ನೇ ಕಲಂ ನೋಡಿ: ಜಾಮೀನುದಾರ ಸಾಲ ಕೊಟ್ಟವರಿಗೆ ನೋಟಿಸ್ ಕೊಟ್ಟು, ಇನ್ನು ಮುಂದಿನ ವ್ಯವಹಾರಕ್ಕೆ ತನ್ನ ಹೊಣೆ ಇಲ್ಲ ಅಂತ ಯಾವಾಗ ಬೇಕಾದರೂ ಹೇಳಬಹುದು. ಆಗಲೇ ಎತ್ತಿದ ಸಾಲದ ಹೊಣೆ ಮಾತ್ರ ಉಳಿಯುತ್ತದೆ. ಆ ದಿನ ಅವನ ಬಾಕಿ ಇದ್ದದ್ದು ಸುಮಾರು ಮೂರು ಲಕ್ಷ. ಒಂದು ಪತ್ರ ಬರೆದು ಸ್ವೀಕೃತಿ ತಗೊಂಡಿದ್ದರೆ ನನ್ನ ಹೊಣೆ ಅಲ್ಲಿಗೇ ನಿಲ್ಲುತ್ತಿತ್ತು.

ನನಗೆ ಅನುಮಾನ ಬರಲಿಲ್ಲ ಅಂತಲ್ಲ. ಎರಡು ದಿನ ಬಿಟ್ಟು ಸೊಸೈಟಿಯ ಮೆಟ್ಟಿಲ ತನಕ ಹೋದೆ. ಒಳಗಿನ ಗುಮಾಸ್ತರು ಅವನ ಪರಿಚಯದವರೇ. 'ನಿಮ್ಮ ದೋಸ್ತ ಲೆಕ್ಕ ಕೇಳಾಕ ಬಂದಿದ್ದ' ಅಂತ ಸಂಜೆಯೊಳಗೆ ಅವನಿಗೆ ಹೇಳಿಬಿಡುತ್ತಾರೆ ಅನ್ನಿಸಿತು. ವಾಪಸ್ ಬಂದೆ. ಲೆಕ್ಕ ಕೇಳಿದರೆ ಅಪನಂಬಿಕೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಆ ಮೆಟ್ಟಿಲು ಹತ್ತದೇ ಇದ್ದದ್ದೇ ನನ್ನ ತಪ್ಪು.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್. ಪ್ರೆಸ್ಸಿನವರಿಗೆ ಏಪ್ರಿಲ್, ಮೇ ಅಂದರೆ ಲಗ್ನಪತ್ರಿಕೆಯ ಸುಗ್ಗಿ. ಆಮೇಲೆ ಒಂದು ದಿನ ಹೋದಾಗ ಗೋಡೆಗೆ ಲಗ್ನಪತ್ರಿಕೆಯ ಕಟ್ಟುಗಳು ಒಟ್ಟಿದ್ದವು. ಸುತಳಿ ಸಹ ಬಿಚ್ಚಿರಲಿಲ್ಲ. ಮೇಲಿನದನ್ನು ಎತ್ತಿ ನೋಡಿದೆ, ಏಪ್ರಿಲ್ 26ರ ಅಕ್ಷತೆ. ಅದನ್ನು ಒಯ್ಯಲು ಯಾರೂ ಬಂದಿರಲಿಲ್ಲ, ದುಡ್ಡೂ ಬಂದಿರಲಿಲ್ಲ. ಆಮೇಲೆ ಜನ ವಾಟ್ಸಾಪಿನಲ್ಲೇ ಪತ್ರಿಕೆ ಕಳಿಸುವುದು ರೂಢಿ ಮಾಡಿಕೊಂಡರು. 2021ರಲ್ಲಿ ನನಗೆ ನೋಟಿಸ್ ಬಂತು, 8,70,000 ರೂಪಾಯಿ. ಮೊದಲು ಅವನನ್ನು ಕೇಳಿ ಅಂದೆ. ಆದರೆ ಅದೇ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ, ನೇರ ನನ್ನನ್ನೇ ಹಿಡಿಯಬಹುದು. ಅವನು ಮಷೀನು, ಬೈಕು, ಹಳ್ಳಿಯ ಜಾಗ ಎಲ್ಲ ಮಾರಿ ಕಟ್ಟಿದ. ಆದರೂ ನನ್ನ ಕಡೆಯಿಂದ 4,20,000 ಹೋಯಿತು. ಅದರಲ್ಲಿ ನನ್ನ ಹೆಂಡತಿಯ ಪಾಟ್ಲಿಗಳೂ ಇದ್ದವು.

ಈಗ ನಿಮ್ಮ ಪ್ರಶ್ನೆ. ಅವನು ನಂಬಿಕಸ್ಥನಾ ಅಂತ ಹುಡುಕಲು ಹೋಗಬೇಡಿ. ನನ್ನ ಗೆಳೆಯ ನೂರಕ್ಕೆ ನೂರು ನಂಬಿಕಸ್ಥ, ಒಂದು ಸುಳ್ಳೂ ಹೇಳಲಿಲ್ಲ. ಆದರೂ ಹೀಗಾಯಿತು. ನಂಬಿಕೆ ಮನುಷ್ಯನ ಮೇಲೆ ಇಡುವುದು. ಮುಂದೆ ಧಂದೆ ನಡೆಯುತ್ತದೆ ಅನ್ನುವುದು ಭರವಸೆ, ಅದು ಅವನ ಕೈಯಲ್ಲೂ ಇಲ್ಲ. ಪತ್ತು ಅಂದರೆ ಬಜಾರಿನಲ್ಲಿ ಅವನಿಗೆ ಎಷ್ಟು ಉದ್ರಿ ಹುಟ್ಟುತ್ತದೆ ಅನ್ನುವುದು. ಜಾಮೀನು ಬೇರೆಯೇ. ಅವನ ಪತ್ತು ಸಾಲದು ಅಂತ ಸೊಸೈಟಿಗೆ ಅನ್ನಿಸಿದ್ದಕ್ಕೇ ನಿಮ್ಮನ್ನು ಕರೆಯುತ್ತಾರೆ. ನಿಮ್ಮ ಗೆಳೆಯ ಇದನ್ನೆಲ್ಲ ಒಂದೇ ನಂಬಿಕೆ ಅನ್ನುವ ಮಾತಿನಲ್ಲಿ ಕಟ್ಟಿ ನಿಮ್ಮ ಮುಂದೆ ಇಟ್ಟಿದ್ದಾನೆ, ಬಹುಶಃ ಅವನಿಗೂ ಗೊತ್ತಿಲ್ಲದೆ.

ಲೆಕ್ಕ ಕೇಳುವುದು ಅಪನಂಬಿಕೆ ಅಲ್ಲವೇ ಅಲ್ಲ. ನಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲೇ ಮೊದಲನೆಯದು ಅನ್ನಿಸಿಕೊಂಡ ಕೃಷಿ ಪತ್ತಿನ ಸಂಘ ಕಟ್ಟಿದರು. ಆಗಿನ 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆ. ಸಂಘ ಮುಳುಗಿದರೆ ಸದಸ್ಯರೆಲ್ಲ ಸೇರಿ ತುಂಬಬೇಕು. ಅಂಥಲ್ಲಿ ಯಾರು ಯಾತಕ್ಕೆ ಸಾಲ ಎತ್ತುತ್ತಿದ್ದಾರೆ ಅಂತ ಒಬ್ಬರನ್ನೊಬ್ಬರು ಕೇಳದೇ ಇರುತ್ತಿದ್ದರಾ? ಶಾಲೆಗೆ, ಗುಡಿಗೆ ನಾವು ಮಾಡುವ ಟ್ರಸ್ಟ್ ಅನ್ನುವ ಹೆಸರೇ ನಂಬಿಕೆ ಅಂತ. ಖಾಸಗಿ ಟ್ರಸ್ಟುಗಳ 1882ರ ಕಾಯ್ದೆಯಲ್ಲೂ ನಂಬಿ ಒಪ್ಪಿಸಿದ ಆಸ್ತಿಗೆ ಲೆಕ್ಕ ಇಡಬೇಕು, ಕೇಳಿದಾಗ ಕೊಡಬೇಕು ಅಂತ ಬರೆದಿದೆ.

ನನ್ನನ್ನು ಕೇಳಿದರೆ ಸಹಿ ಹಾಕಬೇಡಿ. ಹೋದರೂ ಮನೆ ನಡೆಯುತ್ತದೆ ಅನ್ನುವಷ್ಟು ದುಡ್ಡು ಇದ್ದರೆ ಅದನ್ನು ಕೈಗಡ ಕೊಡಿ. ಹಾಕಲೇಬೇಕಾದರೆ ಪತ್ರವನ್ನು ಅವನ ಎದುರೇ ಕೂತು ಪೂರ್ತಿ ಓದಿ. 'ಮುಂದಿನ ಸಾಲ' ಅನ್ನುವ ಮಾತಿದ್ದರೆ ತೆಗೆಸಿ, ಮೊತ್ತ ಬರೆಸಿ, ಒಂದು ಪ್ರತಿ ಮನೆಗೆ ತನ್ನಿ. ಮುನಿಸಿಕೊಂಡರೆ ನಾಲ್ಕು ದಿನ ಮುನಿಸಿಕೊಳ್ಳಲಿ.

ನನ್ನ ಗೆಳೆಯ ಈಗ ಬೇರೆಯವರ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಾನೆ. ತಿಂಗಳಿಗೆ ಮೂರು ಸಾವಿರ ತಂದು ಕೊಡುತ್ತಾನೆ. ಮೊದಲ ಸಲ ತಂದಾಗ ನಾನು ಎಣಿಸದೆ ಜೇಬಿಗೆ ಹಾಕಿಕೊಂಡೆ. ಅವನೇ ನನ್ನ ಮಗಳ ನೋಟ್‌ಬುಕ್ ಎಳೆದುಕೊಂಡು ತಾರೀಕು ಬರೆದು ಸಹಿ ಮಾಡಿ, ಪೆನ್ನು ನನ್ನ ಕೈಗೆ ಕೊಟ್ಟ. 'ಎಣಿಸು, ಆಮ್ಯಾಲ ನೀನೂ ಸಹಿ ಮಾಡು' ಅಂದ.