ಶಾಲೆಯಲ್ಲಿ ಚಿತ್ರಕಲೆ, ಮೈಂಡ್‌ಫುಲ್‌ನೆಸ್ ಅಭ್ಯಾಸದಿಂದ ಹದಿಹರೆಯದ ಮಕ್ಕಳ ಮನಸ್ಸಿಗೆ ಅನುಕೂಲವಾಗುತ್ತದೆಯೇ?

ಸಿಂಧನೂರು ತಾಲೂಕಿನ ಪ್ರೌಢಶಾಲೆಯಲ್ಲಿ ಕಲಿಸುತ್ತಿರುವ ತಾವು ಎರಡು ಸಂಗತಿ ಕೇಳಿದ್ದೀರಿ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ವಾರಕ್ಕೊಂದು ಅವಧಿ ಚಿತ್ರಕಲೆ ಮತ್ತು ಮೈಂಡ್‌ಫುಲ್‌ನೆಸ್ (ಈ ಕ್ಷಣದ ಉಸಿರು, ಸಪ್ಪಳ, ಸ್ಪರ್ಶಗಳನ್ನು ಸುಮ್ಮನೆ ಗಮನಿಸುವ) ಅಭ್ಯಾಸ ಇಟ್ಟರೆ ಅವರ ಆತಂಕ ಕಡಿಮೆಯಾದೀತೇ; ಬಿಡಿಸಿದ ಚಿತ್ರ ನೋಡಿ ಯಾವ ಮಗುವಿಗೆ ತೊಂದರೆಯಿದೆ ಎಂದು ಶಿಕ್ಷಕರು ಗುರುತಿಸಬಹುದೇ. ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕನಾಗಿ ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಹಾಗೆ ಗುರುತಿಸಲು ಹೋಗಬೇಡಿ, ಚಿತ್ರದ ನೆಪದಲ್ಲಿ ಮಗುವನ್ನು ಮಾತನಾಡಿಸಿ.

ನಮ್ಮಲ್ಲಿ ಒಬ್ಬ ಹುಡುಗ ಹಾಳೆಯ ಮುಕ್ಕಾಲು ಭಾಗಕ್ಕೆ ಕಪ್ಪು ಕ್ರೇಯಾನನ್ನು ಒತ್ತಿ ಒತ್ತಿ ತುಂಬಿದ್ದ. ಅಂದು ಶಾಲೆಗೆ ಬಂದಿದ್ದ ಅತಿಥಿಯೊಬ್ಬರು ಅದನ್ನು ನೋಡಿ, ಈ ಹುಡುಗನಿಗೆ ಏನೋ ದುಃಖವಿರಬೇಕು ಎಂದರು. ಕೇಳಿದರೆ ಅವನು, "ಮಳಿ ಆದಮ್ಯಾಲೆ ನಮ್ಮ ಎರಿ ಹೊಲ ಹಿಂಗ ಇರ್ತದ್ರಿ ಸರ್" ಎಂದ. ಅದೇ ತರಗತಿಯಲ್ಲಿ ಹೂವು, ಸೂರ್ಯ, ಮನೆ ಎಂದು ಹಸನಾಗಿ ಬಿಡಿಸಿದ್ದ ಹುಡುಗಿಯೊಬ್ಬಳ ಚಿತ್ರದಲ್ಲಿ ಬಾಗಿಲಿಗೊಂದು ಪುಟ್ಟ ಬೀಗವಿತ್ತು. ಇದು ಯಾರ ಮನೆ ಎಂದಷ್ಟೇ ಕೇಳಿದ್ದಕ್ಕೆ, ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿರುವುದನ್ನು, ತಾನು ತಮ್ಮನೊಂದಿಗೆ ಅಜ್ಜಿಯ ಬಳಿ ಇರುವುದನ್ನು, ರಾತ್ರಿ ನಿದ್ದೆ ಬಾರದಿರುವುದನ್ನು ಬಹಳ ಹೊತ್ತು ಹೇಳಿದಳು. ಬಣ್ಣದ ಲೆಕ್ಕದಲ್ಲಿ ಅವಳದು ಆ ತರಗತಿಯ ಅತ್ಯಂತ ಉಲ್ಲಾಸದ ಚಿತ್ರವಾಗಿತ್ತು.

ಕಲೆಯ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವ ಆರ್ಟ್ ಥೆರಪಿ ಎಂಬುದು ತರಬೇತಿ ಪಡೆದ ಚಿಕಿತ್ಸಕರ ಕೆಲಸ. ಕ್ಷಯರೋಗದಿಂದ ಚೇತರಿಸಿಕೊಳ್ಳುವಾಗ ಚಿತ್ರ ಬಿಡಿಸಿ ನೆಮ್ಮದಿ ಕಂಡ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್ 1942ರಲ್ಲಿ ಆ ಹೆಸರನ್ನು ಬಳಕೆಗೆ ತಂದರು. ನಾವು ಶಾಲೆಯಲ್ಲಿ ಮಾಡುವುದಕ್ಕೆ ಆ ಹೆಸರು ಬೇಡ. ಅಂಕವಿಲ್ಲದ, ಸ್ಪರ್ಧೆಯಿಲ್ಲದ, ಗೋಡೆಗೆ ಅಂಟಿಸಲೇಬೇಕೆಂಬ ನಿಯಮವಿಲ್ಲದ ಒಂದು ಅವಧಿಯನ್ನು ಕೊಟ್ಟರೆ ಸಾಕು. ಈ ವಯಸ್ಸಿನವರು "ನನಗ ಚಿತ್ರ ಬರಂಗಿಲ್ರಿ" ಎಂದು ಹಿಂಜರಿಯುವುದೇ ಹೆಚ್ಚು. ಅಂಥವರ ಕೈಗೆ ನಾನು ಮಣ್ಣು ಕೊಡುತ್ತೇನೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಗೊತ್ತಿರುವ ಕೈಗಳು ತಾವಾಗಿಯೇ ಕೆಲಸಕ್ಕೆ ಇಳಿಯುತ್ತವೆ, ಬೆರಳು ಮಣ್ಣಿನಲ್ಲಿರುವಾಗ ಯಾರ ಮುಖವನ್ನೂ ನೋಡಬೇಕಿಲ್ಲವಾದ್ದರಿಂದ ಮಾತೂ ಸಲೀಸಾಗಿ ಬರುತ್ತದೆ. ಮಂಡಲ ಎಂಬ ವೃತ್ತಾಕಾರದ ವಿನ್ಯಾಸಕ್ಕೆ ಬಣ್ಣ ತುಂಬಿದ ಕಾಲೇಜು ವಿದ್ಯಾರ್ಥಿಗಳಲ್ಲಿ, ಖಾಲಿ ಹಾಳೆ ಪಡೆದವರಿಗಿಂತ, ಆತಂಕ ಹೆಚ್ಚು ಇಳಿದದ್ದನ್ನು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಆ ತತ್ಕಾಲದ ಸಮಾಧಾನಕ್ಕೆ ನಮ್ಮ ಮಕ್ಕಳಿಗೆ ಚುಕ್ಕಿ ರಂಗೋಲಿಯನ್ನೇ ಕೊಡಬಹುದೆಂದು ನನ್ನ ಅನಿಸಿಕೆ.

ಮೈಂಡ್‌ಫುಲ್‌ನೆಸ್ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಬ್ರಿಟನ್ನಿನ 80ಕ್ಕೂ ಹೆಚ್ಚು ಶಾಲೆಗಳಲ್ಲಿ, 11ರಿಂದ 14 ವರ್ಷದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳೊಂದಿಗೆ ನಡೆದ ಮಿರಿಯಡ್ ಎಂಬ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು: ಇಡೀ ತರಗತಿಗೆ ಕಲಿಸಿದ ಮೈಂಡ್‌ಫುಲ್‌ನೆಸ್ ಪಾಠ, ಆ ಶಾಲೆಗಳಲ್ಲಿ ಮೊದಲಿನಿಂದ ಇದ್ದ, ಭಾವನೆಗಳನ್ನು ನಿಭಾಯಿಸಲು ಕಲಿಸುವ ಪಾಠಗಳಿಗಿಂತ ಖಿನ್ನತೆಯನ್ನು ತಡೆಯುವುದರಲ್ಲಿ ಮೇಲಾಗಲಿಲ್ಲ, ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೂ ಮಾಡಲಿಲ್ಲ. ಹಾಗೆಂದು ಬಿಟ್ಟೇ ಬಿಡಬೇಕಿಲ್ಲ. ಒತ್ತಾಯವಿಲ್ಲದೆ, ಮೂರ್ನಾಲ್ಕು ನಿಮಿಷ, ಚಿತ್ರದ ಅವಧಿಯ ಮೊದಲಿಗೆ ಮಾಡಿಸಿ. ಕಣ್ಣು ಮುಚ್ಚಲೇಬೇಕೆನ್ನಬೇಡಿ, ಏಕೆಂದರೆ ಭಯ ಕಂಡ ಮಗುವಿಗೆ ಮುಚ್ಚಿದ ಕಣ್ಣೊಳಗೆ ಅದೇ ನೆನಪು ಬರಬಹುದು. ಅಂಗಾಲು ನೆಲಕ್ಕೆ ತಾಗಿರುವುದನ್ನು ಗಮನಿಸಿ, ಹೊರಗಿನ ಐದು ಸಪ್ಪಳಗಳನ್ನು ಎಣಿಸಿ ಎಂದರೆ ಸಾಕು.

ಇಷ್ಟಕ್ಕೂ ಮೊದಲು, ಮಗು ಬಾಯಿಬಿಟ್ಟ ಮೇಲೆ ಏನು ಮಾಡುತ್ತೀರಿ ಎಂಬುದನ್ನು ಮುಖ್ಯೋಪಾಧ್ಯಾಯರೊಂದಿಗೆ ಕುಳಿತು ನಿರ್ಧರಿಸಿಕೊಳ್ಳಿ. ಹತ್ತಿರದಲ್ಲೇ ನೆರವು ಪಡೆಯುವ ದಾರಿ ನಮ್ಮ ಸೀಮೆಗೆ ಹೊಸದಲ್ಲ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತರುವ ಪ್ರಯೋಗವನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲೇ ನಡೆಸಿತು, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಈಗ ಆ ಕಾರ್ಯಕ್ರಮದ ತಂಡ ಜಿಲ್ಲೆಯಲ್ಲಿ ಸಿಗುತ್ತದೆ, ಹದಿಹರೆಯದವರಿಗೆ ಸ್ನೇಹಾ ಕ್ಲಿನಿಕ್‌ಗಳಿವೆ, 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನಲ್ಲಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಹೊಡೆತ, ಬಾಲ್ಯವಿವಾಹ, ಲೈಂಗಿಕ ದೌರ್ಜನ್ಯದ ಮಾತು ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು; ಹಾಗಾಗಿ "ಯಾರಿಗೂ ಹೇಳುವುದಿಲ್ಲ" ಎಂದು ಮಗುವಿಗೆ ಮಾತು ಕೊಡದೆ, ಯಾರಿಗೆ, ಯಾತಕ್ಕೆ ಹೇಳಬೇಕಾಗುತ್ತದೆ ಎಂಬುದನ್ನು ಮೊದಲೇ ಮಗುವಿನ ಮುಂದೆ ಹೇಳಿಬಿಡಿ.