ಓದುಗರ ಪ್ರಶ್ನೆ: ಚಳಿಗಾಲದ ಮರುಭೂಮಿಯಲ್ಲಿ ಮೋಟರ್‌ಹೋಮ್

ಪ್ರಶ್ನೆ: ಅರಿಜೋನಾದ ಗ್ಲೆಂಡೇಲ್‌ನಲ್ಲಿ ಫಿಯೆಸ್ಟಾ ಬೌಲ್ ಫುಟ್‌ಬಾಲ್ ಪಂದ್ಯ ನೋಡಲು ಬಾಡಿಗೆ ಮೋಟರ್‌ಹೋಮ್‌ನಲ್ಲಿ (ಅಡುಗೆ, ಮಲಗುವ ವ್ಯವಸ್ಥೆಯಿರುವ ಮನೆಗಾಡಿ) ಹೊರಟಿದ್ದೇವೆ. 30 ಅಡಿಯ ಕ್ಲಾಸ್ ಸಿ ಗಾಡಿ (ವ್ಯಾನಿನ ಮುಂಭಾಗಕ್ಕೆ ಹಿಂದೆ ಮನೆ ಕೂಡಿಸಿದ್ದು), ಐದು ಜನ. ಪಂದ್ಯದ ದಿನ ಬೆಳಿಗ್ಗೆ ಹೊರಟರೆ ಸಾಕೇ?
— ಒಬ್ಬ ಓದುಗರು, ಇರ್ವೈನ್, ಕ್ಯಾಲಿಫೋರ್ನಿಯಾ

ಉತ್ತರ: ಸಾಲದು. ಹಿಂದಿನ ದಿನವೇ ಹೊರಡಿ. ದೂರ ಸುಮಾರು 350 ಮೈಲಿ. ಕಾರಿನಲ್ಲಾದರೆ ಐದೂವರೆ ಗಂಟೆ, ಈ ಗಾಡಿಯಲ್ಲಿ 60 ಮೈಲಿ ವೇಗ ಮೀರದೆ, ಊಟ ತಿಂಡಿಗೆ ನಿಲ್ಲಿಸಿಕೊಂಡು ಹೋದರೆ ಏಳೆಂಟು ಗಂಟೆ ಬೇಕು. ಚಳಿಗಾಲದಲ್ಲಿ ಅರಿಜೋನಾ ಗಡಿಯಾರ ಕ್ಯಾಲಿಫೋರ್ನಿಯಾಕ್ಕಿಂತ ಒಂದು ಗಂಟೆ ಮುಂದಿರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಟಿಕೆಟ್ಟಿನ ಮೇಲಿರುವುದು ಅಲ್ಲಿನ ಸಮಯ.

ಐ-10 ಹೆದ್ದಾರಿಯಲ್ಲಿ ಮೊದಲ ಕಷ್ಟ ಪಾಮ್ ಸ್ಪ್ರಿಂಗ್ಸ್‌ಗೆ ಮುಂಚಿನ ಸ್ಯಾನ್ ಗೋರ್ಗೋನಿಯೋ ಕಣಿವೆ. ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಅಲ್ಲೇ, ಅಂದರೆ ಗಾಳಿಯ ಜೋರು ಊಹಿಸಿಕೊಳ್ಳಿ. ಎತ್ತರದ ಗಾಡಿಗೆ ಅಡ್ಡಗಾಳಿ ಬಡಿದರೆ ಪಕ್ಕದ ಲೇನಿಗೆ ಸರಿಯುತ್ತದೆ. ಹೊರಡುವ ಮೊದಲು ಚಾವಣಿಯ ಕಿಂಡಿಗಳನ್ನು ಮುಚ್ಚಿ, ಬದಿಯ ಬಟ್ಟೆಯ ನೆರಳುಚಪ್ಪರದ ಬೀಗ ಎಳೆದು ನೋಡಿ, ಗಾಳಿ ಜೋರಿದ್ದರೆ 50ಕ್ಕೆ ಇಳಿಯಿರಿ. ಇಂಡಿಯೋ ದಾಟಿದ ಮೇಲೆ ಸಮುದ್ರಮಟ್ಟಕ್ಕಿಂತ ಕೆಳಗಿನ ನೆಲದಿಂದ ಸುಮಾರು 1,700 ಅಡಿ ಎತ್ತರದ ಚಿರಿಯಾಕೋ ಸಮ್ಮಿಟ್‌ಗೆ ಒಂದೇ ಸಮನೆ ಏರು. ಟೋ-ಹಾಲ್ ಗುಂಡಿ (ಭಾರದ ಏರಿಗೆ ಗೇರ್ ಕೆಳಗಿಡುವುದು) ಒತ್ತಿ, ಬಲಗಡೆಯ ಲೇನ್ ಹಿಡಿದು, ನಿಧಾನ ಏರಿ.

ಇಂಡಿಯೋದಿಂದ ಬ್ಲೈಥ್‌ವರೆಗೆ ಹೆಚ್ಚುಕಡಿಮೆ 95 ಮೈಲಿ ಬರಿ ಮರುಭೂಮಿ. ಈ ಗಾಡಿ ಒಂದು ಗ್ಯಾಲನ್‌ಗೆ 8ರಿಂದ 10 ಮೈಲಿ ಮಾತ್ರ ಕೊಡುತ್ತದೆ. ಇಂಡಿಯೋದಲ್ಲಿ ಮುಕ್ಕಾಲು ಟ್ಯಾಂಕ್ ಮಾಡಿಕೊಂಡು, ಕೊಲರಾಡೋ ನದಿ ದಾಟಿದ ಮೇಲೆ ಎರೆನ್‌ಬರ್ಗ್ ಅಥವಾ ಕ್ವಾರ್ಟ್‌ಸೈಟ್‌ನಲ್ಲಿ ತುಂಬಿಸಿ. ಅರಿಜೋನಾದಲ್ಲಿ ಪೆಟ್ರೋಲ್ ಅಗ್ಗ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಚಕ್ರ ಉರುಳುವ ಮೊದಲು ಅಳೆಯಿರಿ. ಬಿಸಿಯಾದ ಟೈರು ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಟ್ಟರೆ ರಾತ್ರಿಯ ಚಳಿಯಲ್ಲಿ ಕಡಿಮೆಯಾಗುತ್ತದೆ. ಟೈರಿನ ಬದಿಯಲ್ಲಿ DOT ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನೂ ಓದಿ, ಅವು ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರದ್ದು. ಬಾಡಿಗೆ ಗಾಡಿಗೆ ಅಷ್ಟು ಹಳೆಯ ಟೈರಿದ್ದರೆ ಬೇರೆ ಗಾಡಿ ಕೇಳಿ.

ದೂಳುಗಾಳಿ ಎದ್ದರೆ ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ, ಎಲ್ಲ ದೀಪ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕ್ ಪೆಡಲಿನಿಂದ ಕಾಲು ತೆಗೆಯಿರಿ. ದೀಪ ಉರಿಯುತ್ತಿದ್ದರೆ ಹಿಂದಿನವರು ಅದೇ ರಸ್ತೆಯೆಂದುಕೊಂಡು ಬಂದು ಗುದ್ದುತ್ತಾರೆ.

ರಾತ್ರಿ ಕ್ವಾರ್ಟ್‌ಸೈಟ್‌ನಲ್ಲಿ ತಂಗಿ. ಊರಿನ ಸುತ್ತ ಸರ್ಕಾರಿ ಬಯಲಿನಲ್ಲಿ 14 ದಿನದವರೆಗೆ ಪುಕ್ಕಟೆ ನಿಲ್ಲುವ ಜಾಗಗಳಿವೆ. ಅಲ್ಲಿಂದ ಕ್ರೀಡಾಂಗಣ ಸುಮಾರು 120 ಮೈಲಿ.

ಪ್ರಶ್ನೆ: ಕಳೆದ ಸಲ ಮರುಭೂಮಿಯಲ್ಲಿ ಬೆಳಗಿನ ಜಾವ ಹೀಟರ್ ನಿಂತುಹೋಯಿತು. ಪ್ರೊಪೇನ್ ಸಿಲಿಂಡರ್ ತುಂಬಿತ್ತು. ಫ್ಯಾನ್ ನಿಧಾನ ತಿರುಗುತ್ತಿತ್ತು, ಬೆಂಕಿ ಹತ್ತಲಿಲ್ಲ. ಯಾಕೆ?
— ಒಬ್ಬ ಓದುಗರು, ಫ್ರೀಮಾಂಟ್

ಉತ್ತರ: ಕೊರತೆ ಅನಿಲದ್ದಲ್ಲ, ಬ್ಯಾಟರಿಯದು. ಫ್ಯಾನ್ ನಿಧಾನ ತಿರುಗುತ್ತಿತ್ತು ಎಂದು ನೀವೇ ಬರೆದಿದ್ದೀರಿ, ಉತ್ತರ ಅದರಲ್ಲೇ ಇದೆ. ಫರ್ನೇಸ್ (ಅಂದರೆ ನಿಮ್ಮ ಹೀಟರ್) ಒಳಗೆ ಸೈಲ್ ಸ್ವಿಚ್ ಎಂಬ ಪುಟ್ಟ ರೆಕ್ಕೆ ಇರುತ್ತದೆ. ಸಾಕಷ್ಟು ಗಾಳಿ ಬಡಿದರೆ ಮಾತ್ರ ಅದು ವಿದ್ಯುತ್ ಸಂಪರ್ಕ ಕೂಡಿಸಿ ಅನಿಲದ ದಾರಿ ತೆರೆಯುತ್ತದೆ. ವೋಲ್ಟೇಜ್ ಇಳಿದರೆ ಗಾಳಿ ಸಾಲದು, ಬೆಂಕಿ ಹತ್ತದು.

ಲೆಕ್ಕ ಹೀಗಿದೆ. ಫರ್ನೇಸ್ ಫ್ಯಾನ್ ಸುಮಾರು 8 ಆಂಪಿಯರ್ ಎಳೆಯುತ್ತದೆ. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೆ 40 ಆಂಪಿಯರ್-ಅವರ್. ದೀಪ, ನೀರಿನ ಪಂಪ್, ಅನಿಲದ ಅಲಾರಂ, ಫ್ರಿಜ್ಜಿನ ಕಂಟ್ರೋಲ್ ಬೋರ್ಡ್ ಸೇರಿ ಇನ್ನೊಂದು 10. ಹಲವು ಬಾಡಿಗೆ ಗಾಡಿಗಳಲ್ಲಿ ಇರುವುದು 100 ಆಂಪಿಯರ್-ಅವರ್‌ನ ಒಂದೇ ಲೆಡ್-ಆಸಿಡ್ ಬ್ಯಾಟರಿ, ಅದರಲ್ಲಿ ಬಳಸಬಹುದಾದದ್ದು ಅರ್ಧ. ಸಂಜೆ ಟಿವಿಯಲ್ಲಿ ಒಂದು ಪಂದ್ಯ ನೋಡಿದರೂ ಬೆಳಗಿನ ಜಾವಕ್ಕೆ ಖಾಲಿ. 6 ವೋಲ್ಟಿನ ಎರಡು ಗಾಲ್ಫ್-ಕಾರ್ಟ್ ಬ್ಯಾಟರಿ ಇರುವ ಗಾಡಿ ಸಿಕ್ಕರೆ ಬಿಡಬೇಡಿ, ಅವು ಸುಮಾರು 220 ಕೊಡುತ್ತವೆ.

ಮಾಡಬೇಕಾದದ್ದು: ಮಲಗುವ ಮುನ್ನ ಏನೂ ಓಡದಿದ್ದಾಗ ಬ್ಯಾಟರಿಯ ಮೀಟರ್ ನೋಡಿ. 12.6 ವೋಲ್ಟಿನ ಮೇಲಿದ್ದರೆ ತುಂಬಿದೆ, 12.1 ಅಂದರೆ ಅರ್ಧ. ಸಂಜೆ ಜನರೇಟರ್ ಎರಡು ಮೂರು ಗಂಟೆ ಓಡಿಸಿ. ರಾತ್ರಿ ಹತ್ತರ ಮೇಲೆ ಓಡಿಸಿದರೆ ನೆರೆಯವರು ಬಂದು ಬಾಗಿಲು ತಟ್ಟುತ್ತಾರೆ, ತಟ್ಟಲೂಬೇಕು. ಜನರೇಟರ್ ಗಾಡಿಯ ಟ್ಯಾಂಕಿನಿಂದಲೇ ಪೆಟ್ರೋಲ್ ಕುಡಿಯುತ್ತದೆ, ಆದರೆ ಕಾಲು ಟ್ಯಾಂಕಿಗೆ ಇಳಿದೊಡನೆ ನಿಲ್ಲುತ್ತದೆ. ನೀವು ಅಲ್ಲೇ ಸಿಕ್ಕಿಹಾಕಿಕೊಳ್ಳಬಾರದೆಂದೇ ಅದು ಪೆಟ್ರೋಲ್ ಎಳೆಯುವ ಕೊಳವೆಯನ್ನು ಟ್ಯಾಂಕಿನಲ್ಲಿ ಎತ್ತರಕ್ಕೆ ಇಟ್ಟಿರುತ್ತಾರೆ. ಕೆಟ್ಟಿದೆ ಎಂದುಕೊಂಡು ಬಿಚ್ಚಲು ಹೋಗಬೇಡಿ. ಥರ್ಮೋಸ್ಟಾಟ್ 60 ಫ್ಯಾರನ್‌ಹೀಟ್ ಸಾಕು, ಮಿಕ್ಕದ್ದನ್ನು ರಜಾಯಿ ನೋಡಿಕೊಳ್ಳುತ್ತದೆ.

ಚಳಿಯೆಂದು ಒಲೆ ಹೊತ್ತಿಸಿ ಮಾತ್ರ ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಗಾಡಿ ಪಡೆಯುವಾಗಲೇ ಅಲಾರಂ ಗುಂಡಿ ಒತ್ತಿ ಪರೀಕ್ಷಿಸಿ.

ಪ್ರಶ್ನೆ: ದಾವಣಗೆರೆಯಿಂದ ಅತ್ತೆ ಮಾವ ಬಂದಿದ್ದಾರೆ. ಗಾಡಿಯಲ್ಲೇ ಅಡುಗೆ, ಸ್ನಾನ ಎಲ್ಲ ಆಗಬೇಕು. ನೀರು ಸಾಲುತ್ತದೆಯೇ? ದೋಸೆ ಹಿಟ್ಟು ಅಲ್ಲೇ ರುಬ್ಬಬಹುದೇ?
— ಒಬ್ಬ ಓದುಗರು, ಸನಿವೇಲ್

ಉತ್ತರ: ಹಿಟ್ಟನ್ನು ಮನೆಯಲ್ಲೇ ರುಬ್ಬಿ, ಹುಳಿ ಬರಿಸಿ ಫ್ರಿಜ್ಜಿನಲ್ಲಿ ಒಯ್ಯಿರಿ. ಹಗಲು 20 ಡಿಗ್ರಿ ಸೆಲ್ಸಿಯಸ್ ಇದ್ದರೂ ರಾತ್ರಿ ಐದಾರಕ್ಕೆ ಇಳಿಯುವ ಮರುಭೂಮಿಯಲ್ಲಿ ಹಿಟ್ಟು ಉಬ್ಬುವುದಿಲ್ಲ. ಊರಿನಿಂದ ತಂದ 230 ವೋಲ್ಟಿನ ಮಿಕ್ಸಿ ಅಲ್ಲಿ ಕೆಲಸಕ್ಕೆ ಬಾರದು, ಅಮೆರಿಕದಲ್ಲಿ ಕೊಂಡ 110 ವೋಲ್ಟಿನದನ್ನು ಜನರೇಟರ್ ಓಡುವಾಗ ಬಳಸಿ. ಕುಕ್ಕರ್‌ಗೆ ಅಡ್ಡಿಯಿಲ್ಲ, ಕಿಟಕಿ ಸ್ವಲ್ಪ ತೆರೆದಿರಲಿ.

ಸಿಹಿನೀರಿನ ಟ್ಯಾಂಕ್ ಸಾಮಾನ್ಯವಾಗಿ 40 ಗ್ಯಾಲನ್ ಆಸುಪಾಸು. ಬಿಸಿನೀರಿನ ಡಬ್ಬಿ 6 ಗ್ಯಾಲನ್ನಿನದಾದರೆ ಒಬ್ಬರ ಸ್ನಾನವಾದ ಮೇಲೆ ಅರ್ಧ ಗಂಟೆ ಕಾಯಬೇಕು, ಹಿರಿಯರನ್ನು ಮೊದಲು ಕಳಿಸಿ. ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ ಸೋಪು ಹಚ್ಚಿ, ಮತ್ತೆ ತೊಳೆದುಕೊಂಡರೆ ತಲೆಗೆ 3 ಗ್ಯಾಲನ್ ಸಾಕು. ಗಂಜಿ, ಎಣ್ಣೆ, ಸಾರಿನ ಉಳಿಕೆಯನ್ನು ಸಿಂಕಿಗೆ ಸುರಿಯಬೇಡಿ. ಬಚ್ಚಲ ನೀರಿನ ಗ್ರೇ ಟ್ಯಾಂಕ್‌ನಲ್ಲಿ ಅವು ಕೂತು ನಾರುತ್ತವೆ, ಅಳತೆ ತೋರಿಸುವ ಸೆನ್ಸಾರ್‌ಗೂ ಮೆತ್ತಿಕೊಳ್ಳುತ್ತವೆ. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ.

ಶೌಚದ ಬ್ಲ್ಯಾಕ್ ಟ್ಯಾಂಕ್ ಕವಾಟವನ್ನು ಆರ್‌ವಿ ಪಾರ್ಕಿನಲ್ಲಿ (ಮೋಟರ್‌ಹೋಮ್‌ಗಳ ತಂಗುದಾಣ) ಕೊಳವೆ ಜೋಡಿಸಿದ್ದರೂ ಮುಚ್ಚಿಯೇ ಇಡಿ. ತೆರೆದಿಟ್ಟರೆ ನೀರಷ್ಟೇ ಹರಿದುಹೋಗಿ ಗಟ್ಟಿ ಪದಾರ್ಥ ರಾಶಿ ಬೀಳುತ್ತದೆ. ಮುಕ್ಕಾಲು ತುಂಬಿದ ಮೇಲೆ ಡಂಪ್ ಸ್ಟೇಷನ್‌ನಲ್ಲಿ (ಟ್ಯಾಂಕ್ ಖಾಲಿ ಮಾಡುವ ಜಾಗ) ಮೊದಲು ಬ್ಲ್ಯಾಕ್, ಆಮೇಲೆ ಗ್ರೇ ಬಿಡಿ. ಸೋಪಿನ ನೀರು ಕೊಳವೆಯನ್ನು ತೊಳೆಯುತ್ತದೆ. ಬಯಲಿನ ನೆಲಕ್ಕೆ ಮಾತ್ರ ಬಿಡಬೇಡಿ.

ಹಿತ್ತಲಿನ ಕರಿಬೇವನ್ನು ಮನೆಯಲ್ಲೇ ಬಿಟ್ಟುಬನ್ನಿ, ಇದು ಮುಖ್ಯ. ನಿಂಬೆ ಕಿತ್ತಳೆ ತೋಟಗಳನ್ನು ಕೊಲ್ಲುವ ರೋಗ ಹರಡುವ ಏಷ್ಯನ್ ಸಿಟ್ರಸ್ ಸಿಲ್ಲಿಡ್ ಕೀಟ ಕರಿಬೇವಿನ ಎಲೆಯಲ್ಲೂ ಬದುಕುತ್ತದೆ, ಅದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಕ್ವಾರಂಟೈನ್ ವಲಯಗಳಿವೆ. ಒಗ್ಗರಣೆಯ ಪುಡಿಯನ್ನೇ ಮಾಡಿಕೊಂಡು ಹೋಗಿ. ವಾಪಸ್ ಬರುವಾಗ ಬ್ಲೈಥ್‌ನ ತಪಾಸಣೆ ಕಟ್ಟೆಯಲ್ಲಿ ಹಣ್ಣು, ಸೊಪ್ಪು ಏನಿದ್ದರೂ ಹೇಳಿಬಿಡಿ.

ಪ್ರಶ್ನೆ: ಕ್ರೀಡಾಂಗಣದ ಹತ್ತಿರ ಗಾಡಿ ಎಲ್ಲಿ ನಿಲ್ಲಿಸುವುದು? ಒಳಗೆ ಚೀಲ ಬಿಡುತ್ತಾರೆಯೇ?
— ಒಬ್ಬ ಓದುಗರು, ಸ್ಯಾನ್ ಡಿಯೇಗೋ

ಉತ್ತರ: ಕಾರಿನ ಪಾಸ್ ನಂಬಿಕೊಂಡು ಹೋಗಬೇಡಿ. ಗಾಡಿಯ ಉದ್ದ ತಿಳಿಸಿ ಮೋಟರ್‌ಹೋಮ್ ಜಾಗವನ್ನು ಟಿಕೆಟ್ ಜೊತೆಗೇ ಕೊಳ್ಳಿ. ಸಿಗದಿದ್ದರೆ ಆರ್‌ವಿ ಪಾರ್ಕಿನಲ್ಲಿ ಬಿಟ್ಟು ಟ್ಯಾಕ್ಸಿ ಹಿಡಿಯುವುದೇ ವಾಸಿ. ಪುಟ್ಟ ಕೈಪರ್ಸ್ ಬಿಟ್ಟರೆ ಪಾರದರ್ಶಕ ಚೀಲಕ್ಕೆ ಮಾತ್ರ ಪ್ರವೇಶ, ಅದೂ 12×6×12 ಇಂಚು ಮೀರಬಾರದು. ಪಂದ್ಯ ಮುಗಿದ ಕೂಡಲೇ ಹೊರಡಬೇಡಿ. ಗಾಡಿಯಲ್ಲೇ ಅನ್ನ ಸಾರು ಮಾಡಿ ಉಂಡು, ದಟ್ಟಣೆ ಕರಗಿದ ಮೇಲೆ ಆರ್‌ವಿ ಪಾರ್ಕಿಗೆ ಹೋಗಿ ಮಲಗಿ, ಬೆಳಕು ಹರಿದ ಮೇಲೆ ಮರುಭೂಮಿಯ ದಾರಿ ಹಿಡಿಯಿರಿ.